ಎಣಿಸದೇ ಹರಾಜಿಗಿಟ್ಟ ಕಡಲತಳ

2024ರ ನವೆಂಬರಿನಲ್ಲಿ ಕೇಂದ್ರ ಗಣಿ ಸಚಿವಾಲಯ ಕಡಲೊಳಗಿನ 13 ಖನಿಜ ಬ್ಲಾಕ್‌ಗಳನ್ನು ಮೊದಲ ಬಾರಿಗೆ ಹರಾಜಿಗಿಟ್ಟಿತು. ಗುಜರಾತಿನಾಚೆ ಸುಣ್ಣದ ಕೆಸರಿಗೆ ಮೂರು, ಕೊಲ್ಲಂ ಕಡಲಿನ ಮರಳಿಗೆ ಮೂರು. ಉಳಿದ ಏಳೂ ಗ್ರೇಟ್ ನಿಕೋಬಾರ್ ಬಳಿ, ಲೋಹದ ಗಂಟುಗಳಿಗಾಗಿ. ಕೊಲ್ಲಂ ವಿಚಾರಕ್ಕೆ ಗದ್ದಲವೆದ್ದಿತು. 2025ರ ಫೆಬ್ರುವರಿಯಲ್ಲಿ ಕೇರಳದ ಮೀನುಗಾರರು ಮುಷ್ಕರ ಹೂಡಿದರು, ಮಾರ್ಚಿನಲ್ಲಿ ಅಲ್ಲಿನ ವಿಧಾನಸಭೆಯೇ ವಿರೋಧದ ನಿರ್ಣಯ ಅಂಗೀಕರಿಸಿತು. ನಿಕೋಬಾರಿನ ಏಳಕ್ಕೆ ಅಂಥ ಸದ್ದಿಲ್ಲ. ಅಲ್ಲಿ ಬಲೆ ಬೀಸುವವರು ಕಡಿಮೆ, ಮತದಾರರು ಇನ್ನೂ ಕಡಿಮೆ, ಆ ಆಳಕ್ಕೆ ಇಳಿದು ನೋಡಿದ ವಿಜ್ಞಾನಿಗಳಂತೂ ಬೆರಳೆಣಿಕೆ. ಯಾರೂ ನೋಡದ ಜಾಗದಲ್ಲಿ ಹಾನಿಯ ಪುರಾವೆ ಎಲ್ಲಿಂದ ಬರಬೇಕು? ಪುರಾವೆ ಇಲ್ಲದಿರುವುದೇ ಪರವಾನಗಿ ಎಂದು ವಾದಿಸುವವರಿಗೆ ನನ್ನ ತಕರಾರು ಇಷ್ಟೇ.

ನಮಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು ಎಂದು ಅಷ್ಟು ನಿಖರವಾಗಿ ಹೇಳಲು ಸಾಧ್ಯವಾದದ್ದು, ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ದಶಕಗಳಿಂದ ದಡಕ್ಕೆ ಬಂದ ಮೀನಿನ ಲೆಕ್ಕ ಬರೆದಿಟ್ಟಿರುವುದರಿಂದ. ಮತ್ಸ್ಯಕ್ಷಾಮದ ಮಾತು ನಮ್ಮ ಮಂಗಳೂರು, ಮಲ್ಪೆಯಲ್ಲೂ ಹೀಗೆಯೇ ಅಂಕಿಯ ಬಲದಿಂದ ನಡೆಯುತ್ತದೆ. ಬೂತಾಯಿಗೆ ಬೆಲೆಯಿದೆ, ಹಾಗಾಗಿ ಲೆಕ್ಕವೂ ಇದೆ.

ಲೋಹಕ್ಕೂ ಇದೆ. ಮಧ್ಯ ಹಿಂದೂ ಮಹಾಸಾಗರದಲ್ಲಿ ಭಾರತಕ್ಕೆ ದೊರೆತಿರುವ 75,000 ಚದರ ಕಿಲೋಮೀಟರಿನಲ್ಲಿ 38 ಕೋಟಿ ಟನ್ ಗಂಟುಗಳಿವೆ, ಅದರಲ್ಲಿ ನಿಕ್ಕಲ್ 47 ಲಕ್ಷ ಟನ್, ಕೋಬಾಲ್ಟ್ 5.5 ಲಕ್ಷ ಟನ್ ಎಂದು ಸರ್ಕಾರಿ ಅಂದಾಜು ಹೇಳುತ್ತದೆ. ಅದೇ ತಳದಲ್ಲಿ ಎಷ್ಟು ಬಗೆಯ ಜೀವಿಗಳಿವೆ ಎಂದು ಕೇಳಿ ನೋಡಿ, ಈ ಠೀವಿಯ ಉತ್ತರ ಸಿಗದು. ಹೆಚ್ಚು ಅಧ್ಯಯನವಾಗಿರುವ ಪೆಸಿಫಿಕ್ಕಿನ ಕ್ಲಾರಿಯನ್–ಕ್ಲಿಪರ್ಟನ್ ವಲಯದಲ್ಲೇ, 2023ರ ಅಂದಾಜಿನ 5,578 ಪ್ರಭೇದಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ. 1979ರಲ್ಲಿ ಅಲ್ಲಿ ಪ್ರಯೋಗಕ್ಕೆಂದು ಓಡಿಸಿದ ಯಂತ್ರದ ಜಾಡು ನಲವತ್ತನಾಲ್ಕು ವರ್ಷಗಳ ಬಳಿಕವೂ ಕಾಣುತ್ತಿತ್ತು. ಓಡಾಡುವ ಸಣ್ಣ ಜೀವಿಗಳು ಕೆಲವು ಮರಳಿದ್ದವು, ತಳಕ್ಕೆ ಅಂಟಿ ಬದುಕುವ ದೊಡ್ಡವು ಹೆಚ್ಚಾಗಿ ಮರಳಿರಲಿಲ್ಲ. ಇಷ್ಟಾದರೂ ಗೊತ್ತಾದದ್ದು ಅದೇ ಜಾಗಕ್ಕೆ ಮತ್ತೆ ಹೋಗಿ ನೋಡಿದ್ದರಿಂದ. ಹಳೆಯ ದಾಖಲೆಯಿಲ್ಲದೆ ‘ಬದಲಾವಣೆ’ ಎಂಬುದನ್ನು ಯಾರೂ ಅಳೆಯಲಾರರು, ಹಾಗೆಯೇ ಯಾರನ್ನೂ ಹೊಣೆ ಮಾಡಲಾರರು. ಗಣಿ ಕಂಪನಿಗಳಿಗೆ ಇದಕ್ಕಿಂತ ಅನುಕೂಲ ಬೇಕೇ?

ಬ್ಯಾಟರಿಗೆ ನಿಕ್ಕಲ್ ಬೇಕು, ಚೀನಾವನ್ನು ನಂಬಿ ಕೂರಲಾಗದು ಎನ್ನುತ್ತಾರೆ. ಎರಡನೆಯ ಮಾತು ನಿಜ. ಆದರೆ ಇಂದು ಎಷ್ಟೋ ವಿದ್ಯುತ್ ವಾಹನಗಳಲ್ಲಿರುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗೆ ನಿಕ್ಕಲ್ಲೂ ಬೇಡ, ಕೋಬಾಲ್ಟೂ ಬೇಡ. ಗಂಟುಗಳೋ, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವಂಥವು. ಹತ್ತು ವರ್ಷ ಕಾದರೆ ಎಲ್ಲಿಗೂ ಓಡಿಹೋಗುವುದಿಲ್ಲ.

ಕಾಯುವ ಆ ಹತ್ತು ವರ್ಷದಲ್ಲಿ ಮಾಡಬೇಕಾದ ಕೆಲಸ ನಮಗೆ ಹೊಸದೂ ಅಲ್ಲ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1997ರಲ್ಲೇ ಮಧ್ಯ ಹಿಂದೂ ಮಹಾಸಾಗರದ ತಳವನ್ನು ಬೇಕೆಂದೇ ಕದಡಿ, ಮುಂದಿನ ವರ್ಷಗಳಲ್ಲೂ ಹೋಗಿ ಪರಿಣಾಮ ನೋಡಿದ್ದರು. ನಿಕೋಬಾರಿನ ಬ್ಲಾಕ್‌ಗಳಿಗೂ ಅಂಥದೇ ಅಧ್ಯಯನ ನಡೆಯಲಿ. ಅದನ್ನು ಹರಾಜು ಗೆದ್ದ ಕಂಪನಿ ದುಡ್ಡು ಕೊಟ್ಟು ನೇಮಿಸಿದ ಸಲಹೆಗಾರರು ಮಾಡುವುದು ಬೇಡ, ಸಾರ್ವಜನಿಕ ಹಣದಲ್ಲಿ ಸ್ವತಂತ್ರ ಸಂಸ್ಥೆಗಳು ಮಾಡಲಿ. ಅಂಕಿಅಂಶ ಎಲ್ಲರಿಗೂ ತೆರೆದಿರಲಿ. ಅಲ್ಲಿಯವರೆಗೆ ಆ ಏಳು ಬ್ಲಾಕ್‌ಗಳನ್ನು ಸಚಿವಾಲಯ ಹರಾಜಿನ ಪಟ್ಟಿಯಿಂದ ಕೈಬಿಡಬೇಕು.