ಅಲ್ಲಿ ಟಿಕೆಟ್ ಇಲ್ಲ, ಇಲ್ಲಿ ಕಾಯುವ ಕೆಲಸ ಇಲ್ಲ

ನಮ್ಮ ನೆರೆಯಲ್ಲಿ ಕಟ್ಟುತ್ತಿರುವ ಒಂದು ಮನೆಯ ಗಾರೆ ಕೆಲಸಕ್ಕೆ ಕೂಡ್ಲಿಗಿ ಕಡೆಯ ಮೇಸ್ತ್ರಿಯೊಬ್ಬರು ಬಂದಿದ್ದಾರೆ. ಈಚೆಗೆ ಅವರ ಹೆಂಡತಿ ಊರಿನಿಂದ ಬಂದರು. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ, ನಿಗಮದ ಬಸ್ಸು, ಕೈಯಲ್ಲಿ ಆಧಾರ್ ಕಾರ್ಡು, ಶೂನ್ಯ ಟಿಕೆಟ್. ಬೆಳಗ್ಗೆ ಮಂಗಳೂರಿನ ಬಿಜೈ ನಿಲ್ದಾಣದಲ್ಲಿ ಇಳಿದು ಸಿಟಿ ಬಸ್ ಹತ್ತಿದಾಗ ಕಂಡಕ್ಟರ್ ದುಡ್ಡು ಕೇಳಿದ. ಇವರು ಆಧಾರ್ ತೋರಿಸಿದರು. "ಇದು ಪ್ರೈವೇಟ್ ಅಕ್ಕಾ, ಇಲ್ಲಿ ಆಗುದಿಲ್ಲ" ಅಂದನಂತೆ. ಅದಕ್ಕೆ ಆಕೆಗೆ ಬೇಸರವೇನೂ ಆಗಲಿಲ್ಲ. ಬೆರಗಾದದ್ದು ಬೇರೆ ವಿಷಯಕ್ಕೆ. ಒಂದು ಬಸ್ಸು ಹೋಗುವ ಮೊದಲೇ ಅದರ ಬಾಲಕ್ಕೆ ಇನ್ನೊಂದು ಬಂದು ನಿಂತಿತ್ತು. "ನಮ್ಮೂರಿಗೆ ಇಷ್ಟು ಬಸ್ಸು ಒಂದ್ ವಾರಕ್ಕೂ ಬರಂಗಿಲ್ರಿ" ಎಂದು ಆಕೆ ನಮ್ಮ ಮನೆಯ ಹೆಂಗಸರಲ್ಲಿ ಹೇಳಿದ್ದು ನಮ್ಮ ತಲೆಯಲ್ಲಿ ಉಳಿದುಬಿಟ್ಟಿತು.

ನಗರ ಸಾರಿಗೆಯ ಬೆಳವಣಿಗೆ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಬೆಂಗಳೂರಿನ ಮೆಟ್ರೊ, ಬಿಎಂಟಿಸಿಯ ವಿದ್ಯುತ್ ಬಸ್ಸು, ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್. ಅದೆಲ್ಲ ಸರಿ. ಆದರೆ ಈ ಹೆಂಗಸಿನ ಒಂದು ಪ್ರಯಾಣದೊಳಗೆ ಕರ್ನಾಟಕದ ಬಸ್ಸಿನ ಕಥೆ ಪೂರ್ತಿ ಉಂಟು. ಅವರ ಊರಿನಲ್ಲಿ ಟಿಕೆಟ್ ಮಾಫಿಯಾಗಿದೆ, ಬಸ್ಸು ಕಮ್ಮಿ. ನಮ್ಮಲ್ಲಿ ಬಸ್ಸು ಧಾರಾಳ, ಟಿಕೆಟ್ ಮಾಫಿಯಾಗಿಲ್ಲ. ಸಾರ್ವಜನಿಕ ಸಾರಿಗೆಗೆ ಬೇಕಾದ ಎರಡು ಅರ್ಧಗಳು ಎರಡು ಊರಿನಲ್ಲಿ ಬಿದ್ದಿವೆ.

ಕೂಡ್ಲಿಗಿ ನಮಗೆ ಅಷ್ಟೇನೂ ದೂರದ ಹೆಸರಲ್ಲ. ಮೂಡುಬಿದಿರೆ, ಕಾರ್ಕಳದ ಮೇಲೆ ಹೋಗುವ ಹೆದ್ದಾರಿ ಇವತ್ತು 169. ಹಳೆಯವರ ಬಾಯಲ್ಲಿ ಅದು ಇನ್ನೂ 'ಹದಿಮೂರು'. ಆ ಹದಿಮೂರು ಮಂಗಳೂರಿನಿಂದ ಶಿವಮೊಗ್ಗ, ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ ದಾಟಿ ಸೊಲ್ಲಾಪುರಕ್ಕೆ ಹೋಗುತ್ತಿತ್ತು. ಇನ್ನೊಂದು ನಂಟೂ ಉಂಟು. ಬಳ್ಳಾರಿಯೂ ನಮ್ಮ ದಕ್ಷಿಣ ಕನ್ನಡವೂ ಒಂದೇ ಮದ್ರಾಸ್ ಆಡಳಿತದಲ್ಲಿದ್ದವು. ಅವರು 1953ರಲ್ಲಿ ಮೈಸೂರಿಗೆ ಸೇರಿದರು, ನಾವು 1956ರಲ್ಲಿ. ಬಸ್ಸಿನ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಯಿತು. ಅಲ್ಲಿ ಬಹುಪಾಲು ರೂಟು ಸರಕಾರಿ ನಿಗಮದ ಕೈಗೆ ಹೋಯಿತು. ಇಲ್ಲಿ ಖಾಸಗಿಯವರ ಕೈಯಲ್ಲೇ ಉಳಿಯಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದೂ ಈಗ ವಿಜಯನಗರ ಜಿಲ್ಲೆಯ ತಾಲೂಕುಗಳು. ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಹರಪನಹಳ್ಳಿಯ ಕಥೆಯಂತೂ ವಿಚಿತ್ರ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಎರಡು ದಶಕ ಕಳೆದ ಮೇಲೆ 371 ಜೆ ಸವಲತ್ತಿಗಾಗಿ ಹೋರಾಡಿ ಬಳ್ಳಾರಿಗೆ ಮರಳಿತು, ಮತ್ತೆ ವಿಜಯನಗರಕ್ಕೆ ಬಂತು. ಕಾಗದದಲ್ಲಿ ಜಿಲ್ಲೆ ಬದಲಾದಷ್ಟು ಸುಲಭವಾಗಿ ಬಸ್ಸಿನ ರೂಟು ಬದಲಾಗುವುದಿಲ್ಲ. ಡಿಸಿ ಆಫೀಸಿಗೆ ಹೊಸಪೇಟೆಗೆ ಹೋಗಬೇಕು, ಆದರೆ ದೊಡ್ಡ ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ ಎಲ್ಲ ಹತ್ತಿರದ ದಾವಣಗೆರೆಯಲ್ಲಿ. ಜನ ತಮ್ಮ ಕೆಲಸ ಇರುವ ಕಡೆಗೆ ಬಸ್ ಕೇಳುತ್ತಾರೆ, ಇಲಾಖೆ ತನ್ನ ವಿಭಾಗದ ಗೆರೆಯೊಳಗೆ ಲೆಕ್ಕ ಹಾಕುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ನಾಲ್ಕೂ ನಿಗಮಗಳ ಸಾಮಾನ್ಯ, ನಗರ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಇಲ್ಲ. ಎರಡು ವರ್ಷ ದಾಟಿದ ಮೇಲೆ, 2025ರ ಜುಲೈ 14ಕ್ಕೆ, ಉಚಿತ ಪ್ರಯಾಣದ ಲೆಕ್ಕ 500 ಕೋಟಿ ಮುಟ್ಟಿತು. ಪೇಟೆಯಲ್ಲಿ ಕೂತು ಇದನ್ನು 'ಪುಕ್ಕಟೆ' ಎಂದು ನಗುವವರು ಒಮ್ಮೆ ಕೂಡ್ಲಿಗಿಯಂಥ ಒಣ ತಾಲೂಕಿಗೆ ಹೋಗಬೇಕು. ಅಲ್ಲಿ ಒಂದು ದಿನದ ಕೂಲಿಯಲ್ಲಿ ಬಸ್ಸಿನ ದುಡ್ಡು ಕಳೆದರೆ ಉಳಿಯುವುದು ಎಷ್ಟು? ಹೆರಿಗೆಯ ಮೊದಲಿನ ಪರೀಕ್ಷೆಗೆ ತಾಲೂಕು ಆಸ್ಪತ್ರೆಗೆ ಬರುವ ಹೆಂಗಸು, ಪಿಯುಸಿಗೆ ಸೇರುವ ಹುಡುಗಿ, ಇವರ ಮನೆಯಲ್ಲಿ ಮೊದಲು ಏಳುತ್ತಿದ್ದ ಪ್ರಶ್ನೆ 'ಬಸ್ಸಿಗೆ ಎಲ್ಲಿಂದ?' ಎಂಬುದು. ಆ ಪ್ರಶ್ನೆ ಹೋಗಿದೆ. ಈಗ ಇರುವ ಪ್ರಶ್ನೆ 'ಬಸ್ಸು ಎಲ್ಲಿ?'

ಟಿಕೆಟ್ ಮಾಫಿ ಮಾಡಿದ ಮೇಲೆ ಜನ ಹೆಚ್ಚಾದರು. ಅದಕ್ಕೆ ತಕ್ಕ ಹಾಗೆ ಬಸ್ಸು, ಚಾಲಕ, ನಿರ್ವಾಹಕ ಹೆಚ್ಚಾಗಬೇಕಿತ್ತಲ್ಲ? ಬಸ್ಸು ತಡೆದು ವಿದ್ಯಾರ್ಥಿಗಳು ರಸ್ತೆಯಲ್ಲಿ ಕೂರುವುದು ಆ ಭಾಗದಲ್ಲಿ ಹೊಸ ಸುದ್ದಿಯಲ್ಲ. ನಿಗಮದ ನೌಕರರದ್ದೂ ಸುಖದ ಕಥೆಯಲ್ಲ. 38 ತಿಂಗಳ ವೇತನ ಹೆಚ್ಚಳದ ಬಾಕಿ ಕೇಳಿ 2025ರ ಆಗಸ್ಟ್ 5ರಂದು ಅವರು ಮುಷ್ಕರ ಹೂಡಿದ್ದನ್ನು ಮರೆಯಲಾಗದು. ಅದೇ ವರ್ಷ ಜನವರಿ 5ರಿಂದ ಗಂಡಸರ ಟಿಕೆಟ್ ಶೇ. 15 ಏರಿತು. ಹಾಗಾಗಿ ಒಂದೇ ಮನೆಯಲ್ಲಿ ಹೆಂಡತಿ ಬಸ್ಸಿನಲ್ಲಿ, ಗಂಡ ಬೈಕಿನಲ್ಲಿ.

ಆದರೂ ಆ ಕಡೆಯ ಒಂದು ವ್ಯವಸ್ಥೆಯ ಬಗ್ಗೆ ನಮಗೆ ದೊಡ್ಡ ಗೌರವ ಉಂಟು. ಅದು ವಸ್ತಿ ಬಸ್ಸು. ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಪೇಟೆಯಿಂದ ಹೊರಟ ಬಸ್ಸು ರೂಟಿನ ಕಟ್ಟಕಡೆಯ ಹಳ್ಳಿಯಲ್ಲೇ ತಂಗುತ್ತದೆ. ಚಾಲಕ, ನಿರ್ವಾಹಕರು ಊರಿನವರು ಕೊಟ್ಟ ಜಾಗದಲ್ಲೋ ಬಸ್ಸಿನ ಸೀಟಿನ ಮೇಲೋ ಮಲಗುತ್ತಾರೆ. ಬೆಳಗ್ಗೆ ಅದೇ ಬಸ್ಸು ಊರನ್ನು ಎಬ್ಬಿಸಿ ಹೊರಡುತ್ತದೆ. ಹಾಲಿನ ಕ್ಯಾನು, ತರಕಾರಿ ಮೂಟೆ, ಶಾಲೆಯ ಚೀಲ, ಕೋರ್ಟಿಗೆ ಹೋಗುವವರು, ಎಲ್ಲರೂ ಅದರಲ್ಲೇ. ಖಾಲಿ ಬಸ್ಸು ಡಿಪೋಗೆ ವಾಪಸು ಹೋಗಿ ಮತ್ತೆ ಖಾಲಿ ಬರುವ ಡೀಸೆಲ್ ಉಳಿಯಿತು. ಹಳ್ಳಿಗೆ ಬೆಳಗಿನ ಬಸ್ಸು ಖಾತರಿಯಾಯಿತು. ಇದಕ್ಕೆ ಆ್ಯಪ್ ಬೇಡ, ಪರದೇಶದ ಸಲಹೆಗಾರರು ಬೇಡ. ಹಡಗಲಿ ಕಡೆ ಮಲ್ಲಿಗೆ ಬೆಳೆಯುವವರಿಗೂ ಹೊತ್ತಿಗೆ ಸರಿಯಾದ ಬಸ್ಸು ಎಂದರೆ ಏನೆಂದು ಗೊತ್ತು. ಬಸ್ಸು ತಪ್ಪಿದರೆ ಮೊಗ್ಗು ಅರಳಿ ಹೋಗುತ್ತದೆ, ಅರಳಿದ ಹೂವಿಗೆ ರೇಟಿಲ್ಲ. ಶಂಕರಪುರ ಮಲ್ಲಿಗೆಯ ಅಟ್ಟಿ ಬಸ್ಸಿನಲ್ಲಿ ಬರುವುದನ್ನು ನೋಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ವಸ್ತಿ ಬಸ್ಸು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ. ನಡುವಿನ ಹಗಲು ಯಾರದ್ದು? ಸಂಜೆ ನಾಲ್ಕೂವರೆಗೆ ಕಾಲೇಜು ಬಿಟ್ಟ ಹುಡುಗಿ ಏಳರವರೆಗೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರಬೇಕೆಂದರೆ, ಒಂದಲ್ಲ ಒಂದು ದಿನ ಮನೆಯಲ್ಲಿ 'ಓದಿದ್ದು ಸಾಕು' ಎಂಬ ಮಾತು ಬರುತ್ತದೆ. ನಮ್ಮ ಮನೆಗಳಲ್ಲಿ ಈ ಮಾತು ಬರುವುದಿಲ್ಲವೇ? ಮಗಳು ಕತ್ತಲಾಗುವ ಮೊದಲು ಮನೆ ಸೇರಬೇಕು ಅನ್ನುವುದು ಅಲ್ಲಿಯ ತಾಯಂದಿರಿಗೂ ನಮ್ಮ ಉಮ್ಮಂದಿರಿಗೂ ಒಂದೇ.

ರೈಲಿನ ಮಾತನ್ನೂ ಹೇಳಿಬಿಡುವ. ಹೊಸಪೇಟೆ-ಕೊಟ್ಟೂರು ಬ್ರಿಟಿಷರ ಕಾಲದ ಲೈನು. ಅಗಲ ಮಾಡಲಿಕ್ಕೆ ಎಂದು ನಿಲ್ಲಿಸಿದ ಮೇಲೆ ಬಹಳ ವರ್ಷ ಪ್ರಯಾಣಿಕರ ರೈಲೇ ಇರಲಿಲ್ಲ. ಕೊನೆಗೆ ಹರಿಹರದವರೆಗೆ ಮುಂದುವರಿದು 2019ರಲ್ಲಿ ಜನ ಹತ್ತುವ ರೈಲು ಬಂತು. ಐದು ಊರುಗಳಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗೆ ಅದರ ಪ್ರಯೋಜನ. ಓಡುವ ರೈಲುಗಳು ಕೆಲವೇ. ಕೂಡ್ಲಿಗಿಗೂ ಹಡಗಲಿಗೂ ಹಳಿಯೇ ಇಲ್ಲ.

ಕೇಂದ್ರ ಸರಕಾರ 2023ರ ಆಗಸ್ಟಿನಲ್ಲಿ ಪಿಎಂ ಇ-ಬಸ್ ಸೇವಾ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು, ದೇಶಕ್ಕೆ 10,000 ವಿದ್ಯುತ್ ಬಸ್ಸು. ಅದರಲ್ಲಿ ಬಸ್ಸು ಕೊಡಲು ನೋಡುವುದು ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನರಿರುವ ನಗರಗಳನ್ನು. ಪೂರ್ವಕ್ಕೆ ಬಳ್ಳಾರಿ, ದಕ್ಷಿಣಕ್ಕೆ ದಾವಣಗೆರೆ ಈ ಲೆಕ್ಕದೊಳಗೆ ಬರುತ್ತವೆ. ನಡುವಿನ ಈ ಐದು ಪೇಟೆಗಳಲ್ಲಿ ಒಂದೂ ಅದರ ಹತ್ತಿರಕ್ಕೆ ಬರುವುದಿಲ್ಲ. ಆದರೆ ಈ ಪೇಟೆಗಳನ್ನು ಒಂದೊಂದಾಗಿ ಯಾಕೆ ಎಣಿಸಬೇಕು? ಕೂಡ್ಲಿಗಿಯಿಂದ ಕೊಟ್ಟೂರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಒಂದು ಪೇಟೆಯ ಸಂತೆಗೆ ಇನ್ನೊಂದು ಪೇಟೆಯ ಜನ, ಒಂದರ ಕಾಲೇಜಿಗೆ ಇನ್ನೊಂದರ ಮಕ್ಕಳು. ಐದನ್ನೂ ಒಂದೇ ಊರೆಂದು ತಿಳಿದು, ಶಾಲೆ-ಕಾಲೇಜು ಬಿಡುವ ಹೊತ್ತು ನೋಡಿ, ಗಂಟೆಗೊಂದರಂತೆ ಸುತ್ತುವ ಬಸ್ಸು ಇಟ್ಟರೆ ಅದೂ ನಗರ ಸಾರಿಗೆಯೇ. ನಿಗಮಕ್ಕೆ ಇದು ಆಗದ ಕೆಲಸ ಅಂತಲೂ ಅಲ್ಲ. ಕೊಟ್ಟೂರಿನ ತೇರಿಗೆ, ಹಡಗಲಿ ತಾಲೂಕಿನ ಮೈಲಾರದ ಜಾತ್ರೆಗೆ ವಿಶೇಷ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಜಾತ್ರೆಗೆ ಬಂದ ಬಸ್ಸು ಪರೀಕ್ಷೆಗೆ ಯಾಕೆ ಬರಬಾರದು?

ಇನ್ನು ನಮ್ಮ ಅರ್ಧದ ಮಾತು. ಕರಾವಳಿಯ ಖಾಸಗಿ ಬಸ್ಸಿನ ಬಗ್ಗೆ ನಮಗೆ ಹೆಮ್ಮೆ ಇರಲೇಬೇಕು. ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ನಮ್ಮ ಅಜ್ಜಂದಿರ ಸಿಪಿಸಿ, 1914ರಷ್ಟು ಹಿಂದೆಯೇ ಶುರುವಾದ ಕಂಪೆನಿ. ಶಂಕರ ವಿಠಲ, ಹನುಮಾನ್ ಇವೆಲ್ಲ ಮನೆಮಾತು. ಈಚೆಗೆ ಚಲೋ ಕಾರ್ಡು ಬಂತು, ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲೇ ಕಾಣುತ್ತದೆ. ಸರಕಾರಕ್ಕೆ ಕಾಯದೆ ಮಾಲಕರೇ ಮಾಡಿಕೊಂಡದ್ದು.

ಆದರೆ ನಮ್ಮ ಸಿಟಿ ಬಸ್ಸಿನ ಹೊಟ್ಟೆ ತುಂಬುವುದು ಕಲೆಕ್ಷನ್‌ನಿಂದ. ಹಾಗಾಗಿಯೇ ಎದುರಿನ ಬಸ್ಸನ್ನು ಹಿಂದೆ ಹಾಕುವ ಧಾವಂತ, ಟೈಮಿಂಗಿನ ಜಗಳ, ಹೆಂಗಸು ಕಾಲಿಡುವ ಮೊದಲೇ 'ರೈಟ್, ಪೋಯಿ'. ಹಾಗಾಗಿಯೇ ರಾತ್ರಿ ಜನ ಕಮ್ಮಿಯಾದ ಕೂಡಲೇ ಟ್ರಿಪ್ ಕಟ್. ಬಸ್ಸಿನವರು ಕೆಟ್ಟವರೆಂದು ಅಲ್ಲ. ಅವರಲ್ಲಿ ನಮ್ಮವರೇ ಎಷ್ಟು ಜನ! ಡ್ರೈವರು, ಕಂಡಕ್ಟರು, ಒಂದೆರಡು ಬಸ್ಸಿನ ಮಾಲಕರು ನಮ್ಮ ಪ್ರತಿ ಜಮಾಅತಿನಲ್ಲೂ ಸಿಗುತ್ತಾರೆ. ಹಾಗೆಂದು ಅದೇ ಮನೆಯ ಮಗಳು ದಿನಾ ಕಾಲೇಜಿಗೆ ದುಡ್ಡು ಕೊಟ್ಟು ಹೋಗುತ್ತಾಳೆ, ಪುತ್ತೂರಿನಲ್ಲಿರುವ ಅವಳ ಚಿಕ್ಕಮ್ಮನ ಮಗಳು ನಿಗಮದ ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾಳೆ. ಒಂದೇ ಜಿಲ್ಲೆ, ಒಂದೇ ಸರಕಾರ. ಇದು ನ್ಯಾಯವಲ್ಲ ಎಂದು ಹೇಳಲು ನಮಗೆ ಸಂಕೋಚ ಬೇಡ.

ಶಕ್ತಿಯನ್ನು ತಮಗೂ ಕೊಡಿ ಎಂದು ಖಾಸಗಿ ಸಾರಿಗೆಯವರು 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಬಂದ್ ಮಾಡಿದ್ದರು. ಸುಲಭದಲ್ಲಿ ತಳ್ಳಿಹಾಕುವ ಬೇಡಿಕೆ ಅಲ್ಲ ಅದು. ಆದರೆ ಟಿಕೆಟ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಇವತ್ತಿನ ಓಟದ ಪಂದ್ಯ ಇನ್ನೂ ಜೋರಾದೀತು. ಬಿಎಂಟಿಸಿಯ ವಿದ್ಯುತ್ ಬಸ್ಸುಗಳಲ್ಲಿ ಬೇರೆ ಕ್ರಮ ಉಂಟು. ಬಸ್ಸೂ ಡ್ರೈವರೂ ಖಾಸಗಿ ಕಂಪೆನಿಯದು, ಕಂಡಕ್ಟರ್ ಮತ್ತು ರೂಟು ನಿಗಮದ್ದು. ಓಡಿದ ಕಿಲೋಮೀಟರಿಗೆ ಇಷ್ಟು ಎಂದು ದುಡ್ಡು. ಜನ ಎಷ್ಟು ಹತ್ತಿದರು ಎಂಬುದು ಡ್ರೈವರನ ತಲೆನೋವಲ್ಲ. ಇದೇ ಕ್ರಮದಲ್ಲಿ ನಮ್ಮ ಊರಿನ ಸಣ್ಣ ಮಾಲಕರ ಬಸ್ಸನ್ನೇ ಗೊತ್ತುಮಾಡಿಕೊಂಡರೆ ಮಾಲಕ ಉಳಿಯುತ್ತಾನೆ, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ರಾತ್ರಿ ಒಂಬತ್ತರ ಟ್ರಿಪ್ಪೂ ಓಡುತ್ತದೆ. ಹಿಂದೆ ನರ್ಮ್ ಬಸ್ಸು ಮಂಗಳೂರಿಗೆ ಬಂದಾಗ ಪರ್ಮಿಟಿನ ತಕರಾರಿನಲ್ಲಿ ವರ್ಷಗಳು ಹೋದವು. ಸರಕಾರಿಯೋ ಖಾಸಗಿಯೋ ಎಂಬ ಆ ಹಳೆ ಜಗಳಕ್ಕೆ ಮತ್ತೆ ಇಳಿಯುವ ಬದಲು ಈ ನಡುದಾರಿಯನ್ನು ಮಾಲಕರ ಸಂಘ, ಸಾರಿಗೆ ಪ್ರಾಧಿಕಾರ, ನಮ್ಮ ಶಾಸಕರು ಒಟ್ಟಿಗೆ ಕೂತು ನೋಡಬೇಕು. ದುಡ್ಡು ಹೊತ್ತಿಗೆ ಬರುತ್ತದೆಯೇ ಎಂಬ ಮಾಲಕರ ಹೆದರಿಕೆ ಸುಳ್ಳಲ್ಲ. ಅದಕ್ಕೆ ಸರಕಾರ ಬರಹದಲ್ಲಿ ಖಾತರಿ ಕೊಡಬೇಕು.

ಮೇಸ್ತ್ರಿಯ ಹೆಂಡತಿ ಮೊನ್ನೆ ಊರಿಗೆ ಹೊರಟರು. ರಾತ್ರಿ ಬಸ್ಸು, ಬೆಳಗಿನ ಜಾವಕ್ಕೆ ಕೂಡ್ಲಿಗಿ. ಅಲ್ಲಿಂದ ಅವರ ಹಳ್ಳಿಗೆ? ಹಳ್ಳಿಯಲ್ಲಿ ತಂಗಿದ ವಸ್ತಿ ಬಸ್ಸು ಬೆಳಗ್ಗೆ ಜನ ತುಂಬಿಕೊಂಡು ಪೇಟೆಗೆ ಬರಬೇಕು, ಆಮೇಲೆ ಯಾವಾಗ ತಿರುಗಿ ಹೋಗುತ್ತದೋ ಆವಾಗ. ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂದು ಕೇಳಿದೆವು. "ಸ್ಟ್ಯಾಂಡಿನಾಗ ಕುಂದ್ರತೀನ್ರಿ" ಅಂದರು, ಅದೊಂದು ವಿಷಯವೇ ಅಲ್ಲ ಎಂಬ ಹಾಗೆ.