ಆಪರೇಷನ್ ಚಲೋ ಆಗ್ಯಾದ, ಮುಂದ?

ವಿಜಯಪುರಕ್ಕೆ ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕು, ಖಾಸಗಿಯವರ ಪಾಲುದಾರಿಕೆಯ ಪಿಪಿಪಿ ಬೇಡ ಎಂದು 2025ರಲ್ಲಿ ಈ ಊರಿನ ಜನ ತಿಂಗಳುಗಟ್ಟಲೆ ಧರಣಿ ಕೂತರು. ಬೇಡಿಕೆ ನ್ಯಾಯದ್ದು, ನಾನೂ ಅದರ ಪರ. ಆದರೆ ಜಗಳದ ಉದ್ದಕ್ಕೂ ನನ್ನ ಕಿವಿಗೆ ಬಿದ್ದದ್ದು ಬಹುತೇಕ ಸೀಟಿನ ಮಾತು. ಬಡವರ ಮಕ್ಕಳಿಗೆ ಎಷ್ಟು ಸೀಟು, ಫೀ ಎಷ್ಟು, ಜಾಗ ಯಾರ ಕೈಗೆ ಹೋಗುತ್ತದೆ. ಕಾಲೇಜಿನ ಬೆನ್ನಿಗೆ ಒಂದು ಆಸ್ಪತ್ರೆಯೂ ಇರುತ್ತದೆ. ಅಲ್ಲಿ ಯಾರು ಮಲಗುತ್ತಾರೆ, ಮಲಗಿದವರು ಮನೆಗೆ ಹೋದ ಮೇಲೆ ಏನಾಗುತ್ತಾರೆ ಎಂದು ಕೇಳಿದವರು ಕಡಿಮೆ.

ಕಾಲೇಜುಗಳಿಗೆ ಇಲ್ಲಿ ಬರವಿಲ್ಲ. ಅಲ್-ಅಮೀನ್ 1984ರಲ್ಲಿ ಬಂತು, ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ. ನಲವತ್ತು ವರ್ಷಗಳಿಂದ ಎರಡು ಖಾಸಗಿ ಕಾಲೇಜು ಇರುವ ಊರಲ್ಲಿ ಮೂರನೆಯದು ಯಾಕೆ ಸರ್ಕಾರದ್ದೇ ಆಗಬೇಕು ಎಂದು ಕೇಳಿದರೆ ಸೀಟಿಗಿಂತ ಗಟ್ಟಿಯಾದ ಉತ್ತರ ಕೊಡಬೇಕಾಗುತ್ತದೆ. ನನ್ನ ಉತ್ತರ ಬೆನ್ನುಹುರಿ.

ಬೇಸಿಗೆಯಲ್ಲಿ ತಿಕೋಟಾ ಸೀಮೆಯ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಿದವರಿಗೆ ಗೊತ್ತು: ಕಬ್ಬಿಣದ ಕಂಬಗಳಿಗೆ ಬಿಗಿದ ಬಲೆಯ ಅಂತಸ್ತುಗಳು, ಒಂದರ ಮೇಲೊಂದು, ತಲೆಯ ಮೇಲೆ ಕಾದ ತಗಡು. ಹಸಿ ಹಣ್ಣು ಹರವಲು, ಒಣಗಿದ್ದನ್ನು ಉದುರಿಸಲು ಕೂಲಿಯವರು ಹತ್ತಿ ಇಳಿಯುತ್ತಿರಬೇಕು. ಕಾಲು ಜಾರಿದರೆ ಕೆಳಗೆ ಗಟ್ಟಿ ನೆಲ. ಬಬಲೇಶ್ವರದ ಕಡೆ ಹೋದರೆ ಕಟ್ಟೆಯಿಲ್ಲದ ಬಾವಿ, ಕಬ್ಬು ಹೇರಿದ ಜೋಡಿ ಟ್ರೇಲರು, ಕಾಖಂಡಕಿಯ ಕಾರಹುಣ್ಣಿಮೆಯಲ್ಲಿ ಮೈಮೇಲೆ ಬರುವ ಹೋರಿ. ನಗರವನ್ನು ಹಾಯ್ದು ಹೋಗುವುದು ಎರಡು ರಾಷ್ಟ್ರೀಯ ಹೆದ್ದಾರಿ, 50 ಮತ್ತು 52. 2023ರ ಡಿಸೆಂಬರ್‌ನಲ್ಲಿ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಮೂಟೆಗಳು ಕುಸಿದು ಬಿಹಾರದಿಂದ ಬಂದಿದ್ದ 7 ಕಾರ್ಮಿಕರು ಸತ್ತರು. ಸತ್ತವರ ಲೆಕ್ಕ ಹೀಗೆ ಸಿಗುತ್ತದೆ. ಇಂಥ ಬೀಳುವಿಕೆಯಲ್ಲಿ, ಅಪಘಾತದಲ್ಲಿ ಬದುಕುಳಿದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಲೆಕ್ಕ ಎಲ್ಲಿದೆ? ಪೊಲೀಸರ ಕಾಗದದಲ್ಲಿ ಅವರೆಲ್ಲ ‘ತೀವ್ರ ಗಾಯ’, ಕೈ ಮುರಿದವರ ಜತೆಗೇ.

ಬಿದ್ದವನನ್ನು ಇಬ್ಬರು ರಟ್ಟೆ ಹಿಡಿದು, ಇಬ್ಬರು ಕಾಲು ಹಿಡಿದು ಎತ್ತುತ್ತಾರೆ. ಟಂಟಂನ ಹಿಂದಿನ ಸೀಟಿಗೆ ಮಡಚಿ ಕೂರಿಸುತ್ತಾರೆ. ನೀರು ಕುಡಿಸಲು ಕುತ್ತಿಗೆ ಎತ್ತಿ ಹಿಡಿಯುತ್ತಾರೆ. ಎಲ್ಲ ಅಂತಃಕರಣದಿಂದಲೇ. ಆದರೆ ಮುರಿದ ಮೂಳೆಯ ಚೂರು, ಅರ್ಧವಾದರೂ ಉಳಿದಿದ್ದ ಹುರಿಯನ್ನು ಪೂರ್ತಿ ಜಜ್ಜಿಬಿಡುವುದು ಇಂಥ ಎತ್ತಾಟದಲ್ಲಿ. 108 ಆಂಬುಲೆನ್ಸ್ ರಾಜ್ಯಕ್ಕೆ ಬಂದದ್ದು 2008ರ ನವೆಂಬರ್‌ನಲ್ಲಿ. ಮೈಯನ್ನು ಹಲಗೆಗೆ ಬಿಗಿದು, ಕುತ್ತಿಗೆಗೆ ಪಟ್ಟಿ ಹಾಕಿಯೇ ಸಾಗಿಸಬೇಕು ಎಂಬ ಪಾಠ ಇನ್ನೂ ತೋಟದ ಮೇಸ್ತ್ರಿಗೆ, ಟ್ರ್ಯಾಕ್ಟರ್ ಡ್ರೈವರಿಗೆ ಮುಟ್ಟಿಲ್ಲ.

ಆಮೇಲೆ ಅಲೆದಾಟ. ತಾಲ್ಲೂಕಿನಿಂದ ವಿಜಯಪುರ, ಅಲ್ಲಿಂದ ಯಾರೋ ಹೇಳಿದರೆಂದು 100 ಕಿಲೋಮೀಟರ್ ದೂರದ ಸೊಲ್ಲಾಪುರ, ಇಲ್ಲವೇ ಮಿರಜ್, 200 ಕಿಲೋಮೀಟರ್ ಆಚೆಯ ಹುಬ್ಬಳ್ಳಿ. ಪ್ರತಿ ಮೆಟ್ಟಿಲಲ್ಲೂ ಒಂದು ಎಕ್ಸ್‌ರೇ, ಒಂದು ಸ್ಕ್ಯಾನು, ಒಂದಿಷ್ಟು ಅಡ್ವಾನ್ಸು. ಬೀಗರು ದುಡ್ಡು ಹೊಂದಿಸುವ ಹೊತ್ತಿಗೆ ಎರಡನೆಯ ಸೂರ್ಯ ಹುಟ್ಟಿರುತ್ತಾನೆ.

ಆ ಹೊತ್ತಿನ ಬೆಲೆ ಏನು ಎನ್ನುವುದಕ್ಕೆ ಲೆಕ್ಕವಿದೆ. ಕೆನಡಾದ ಮೈಕೆಲ್ ಫೆಲಿಂಗ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದ 313 ಮಂದಿ ಸೇರಿದ್ದರು. 24 ಗಂಟೆಯೊಳಗೆ ಆಪರೇಷನ್ ಆದವರಲ್ಲಿ ಶೇ 19.8ರಷ್ಟು ಜನ ಆರು ತಿಂಗಳಲ್ಲಿ, ಸ್ಪರ್ಶ ಮತ್ತು ಚಲನೆ ಎಷ್ಟು ಉಳಿದಿದೆ ಎಂದು ಅಳೆಯುವ ದರ್ಜೆಗಳಲ್ಲಿ, ಎರಡು ದರ್ಜೆಯಾದರೂ ಸುಧಾರಿಸಿದರು. ತಡವಾದವರಲ್ಲಿ ಶೇ 8.8 ಮಾತ್ರ. ಅದು ಚೀಟಿ ಎತ್ತಿ ರೋಗಿಗಳನ್ನು ಹಂಚಿದ ಪ್ರಯೋಗವಲ್ಲ ಎಂಬ ಆಕ್ಷೇಪ ಉಂಟು, ಸರಿಯಾದ ಆಕ್ಷೇಪವೇ. ಆದರೆ 2021ರಲ್ಲಿ ನಾಲ್ಕು ಅಧ್ಯಯನಗಳ 1,548 ರೋಗಿಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗಲೂ ಉತ್ತರ ಅದೇ ದಿಕ್ಕಿಗೆ ಬಂತು. ಮೊದಲ 24ರಿಂದ 36 ಗಂಟೆಯಲ್ಲಿ ಲಾಭ ಭರಭರನೆ ಕರಗುತ್ತದೆ.

ಆ 2012ರ ಅಧ್ಯಯನದಲ್ಲಿ ನನಗೆ ಹೆಚ್ಚು ಕಾಡಿದ ಸಂಖ್ಯೆ ಬೇರೆ. 313 ಮಂದಿಯಲ್ಲಿ ಆರು ತಿಂಗಳ ನಂತರ ತಪಾಸಣೆಗೆ ಸಿಕ್ಕವರು 222. ಹಣ, ಸಿಬ್ಬಂದಿ, ಫೋನು, ಕಂಪ್ಯೂಟರು ಎಲ್ಲ ಇದ್ದ ಉತ್ತರ ಅಮೆರಿಕದ ಆಸ್ಪತ್ರೆಗಳಿಗೇ 91 ಮಂದಿಯ ಆರು ತಿಂಗಳ ಲೆಕ್ಕ ಸಿಗಲಿಲ್ಲ. ಅವರು ಅದನ್ನು ಮುಚ್ಚಿಡದೆ ಬರೆದರು. ನಮ್ಮಲ್ಲಿ? ಬೆನ್ನುಮೂಳೆಗೆ ರಾಡು-ಸ್ಕ್ರೂ ಹಾಕಿದ ಕತೆಯನ್ನು ಎಂಎಸ್ ವಿದ್ಯಾರ್ಥಿಗಳು ಪ್ರಬಂಧವಾಗಿ ಬರೆಯುತ್ತಾರೆ. ಎಷ್ಟು ಡಿಗ್ರಿ ಬಾಗು ನೆಟ್ಟಗಾಯಿತು, ನೋವು ಹತ್ತರಲ್ಲಿ ಎಷ್ಟಕ್ಕೆ ಇಳಿಯಿತು ಎಂಬುದಕ್ಕೆಲ್ಲ ಕೋಷ್ಟಕ. ಕೊನೆಯಲ್ಲಿ ಒಂದು ಸಾಲು: ಇಷ್ಟು ರೋಗಿಗಳು ಫಾಲೋಅಪ್‌ಗೆ ಬರಲಿಲ್ಲ. ಬರಲಿಲ್ಲವಂತೆ! ಕಾಲೆರಡೂ ಎತ್ತಲಾಗದವನು ಹೊನವಾಡದಿಂದ, ಬಿಜ್ಜರಗಿಯಿಂದ ಬಸ್ಸು ಹತ್ತಿ ಬರಬೇಕಿತ್ತೇ?

ವಾರ್ಡಿನ ಬಾಗಿಲಲ್ಲಿ ಮನೆಮಂದಿಗೆ ಸಿಗುವ ಮಾತು ‘ಆಪರೇಷನ್ ಚಲೋ ಆಗ್ಯಾದ’. ಸುಳ್ಳಲ್ಲ. ಮೂಳೆ ಕೂಡಿರುತ್ತದೆ, ಹುರಿಯ ಮೇಲಿನ ಒತ್ತಡ ಹೋಗಿರುತ್ತದೆ. ಹುರಿ ಪೂರ್ತಿ ಘಾಸಿಯಾಗಿದ್ದರೆ ಮಾತ್ರ ಎಂಥ ಸರ್ಜನ್ ಬಂದರೂ ಬಹುತೇಕರು ಮತ್ತೆ ನಡೆಯುವುದಿಲ್ಲ. ಇದನ್ನು ನೆಟ್ಟಗೆ ಹೇಳುವ ವೈದ್ಯರು ಕಡಿಮೆ, ಕೇಳಿಸಿಕೊಳ್ಳುವ ಬಂಧುಗಳು ಇನ್ನೂ ಕಡಿಮೆ. ಆ ಮೌನದೊಳಗೆ ಸ್ಟೆಮ್ ಸೆಲ್ ಅಂಗಡಿಯವರು ನುಗ್ಗುತ್ತಾರೆ, ಎಕರೆ ಹೊಲ ಕೈಬಿಡುತ್ತದೆ. ಬೆನ್ನುಹುರಿ ಪೆಟ್ಟಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಪ್ರಮಾಣಿತವಲ್ಲ, ಪ್ರಯೋಗದ ಹೊರಗೆ ಕೊಡಕೂಡದು ಎಂದು ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿಯಾಗಿದೆ.

ನಿಜವಾದ ಸಾವು-ಬದುಕಿನ ಪ್ರಶ್ನೆ ಶುರುವಾಗುವುದು ಮನೆಯಲ್ಲಿ. ಸ್ಪರ್ಶವಿಲ್ಲದ ಮೈಯನ್ನು ಎರಡು ತಾಸಿಗೊಮ್ಮೆ ಹೊರಳಿಸದಿದ್ದರೆ ಟೊಂಕದ ಮೇಲೆ ಕೆಂಪು ಮಚ್ಚೆ ಏಳುತ್ತದೆ. ಕೆಲವೇ ದಿನಗಳಲ್ಲಿ ಅದು ಮೂಳೆ ಕಾಣುವ ಹುಣ್ಣು. ತಿಂಗಳುಗಟ್ಟಲೆ ಒಂದೇ ಮೂತ್ರದ ನಳಿಕೆ ಬಿಟ್ಟರೆ ಸೋಂಕು ಕಿಡ್ನಿಗೆ ಏರುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ಬಿದ್ದ ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಹೀಗೆಯೇ, ಹುಣ್ಣಿನಿಂದ ಮತ್ತು ಮೂತ್ರದ ನಂಜಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ವಾರ್ಡು ತೆರೆದು ಆ ಸಾವನ್ನು ತಡೆದದ್ದು ಚಾಕುವಿನಿಂದಲ್ಲ. ರಾತ್ರಿಯಿಡೀ ರೋಗಿಗಳನ್ನು ಹೊರಳಿಸುವ ಶಿಸ್ತು, ಮೂತ್ರಕೋಶದ ಆರೈಕೆ, ಕೈಗೆ ಕೆಲಸ, ಆಟ. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡೆಸ್, ರೋಗಿ ತಾನೇ ದಿನಕ್ಕೆ ಹಲವು ಸಲ ತೊಳೆದ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳಬಹುದು ಎಂದು ತೋರಿಸಿಕೊಟ್ಟರು. ನಳಿಕೆಗೆ ಏನು ಮಹಾ ಬೆಲೆ? ಕಲಿಸುವವರು ಬೇಕು, ಅಷ್ಟೆ.

ದೂರದ ಮಾತು ಬೇಡವೆನ್ನುವವರಿಗೆ ವೆಲ್ಲೂರು ಇದೆ. ಅಲ್ಲಿನ ಡಾ. ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡರು, ಗಾಲಿಕುರ್ಚಿಯಲ್ಲೇ ಕೂತು ಶಸ್ತ್ರಚಿಕಿತ್ಸೆ ಮಾಡಿದರು, 1966ರಲ್ಲಿ ಪುನರ್ವಸತಿ ಕೇಂದ್ರ ತೆರೆಯಿಸಿದರು. ಅಂದಿನಿಂದ ಆರು ದಶಕ ಕಳೆದಿವೆ.

ಈಗಲೂ ಹಳ್ಳಿಯಲ್ಲಿ ಏನಾಗುತ್ತದೆ ನೋಡಿ. ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಹುರಿಗೆ ಪೆಟ್ಟಾದವನಿಗೆ ನಳಿಕೆ ಕಟ್ಟಿಕೊಂಡು ಮೂತ್ರಕೋಶ ತುಂಬಿದರೆ ರಕ್ತದೊತ್ತಡ ದಿಢೀರನೆ ಏರುತ್ತದೆ, ತಲೆ ಸಿಡಿಯುತ್ತದೆ, ಮುಖ ಬೆವರುತ್ತದೆ. ಮೊದಲು ಮಾಡಬೇಕಾದ್ದು ಅವನನ್ನು ಎಬ್ಬಿಸಿ ಕೂರಿಸಿ ನಳಿಕೆ ಸರಿಪಡಿಸುವುದು. ತಿಳಿಯದವರು ಬಿಪಿ ಗುಳಿಗೆ ಕೊಟ್ಟು ಮಲಗಿಸುತ್ತಾರೆ. ಮೆದುಳಿನಲ್ಲಿ ರಕ್ತಸ್ರಾವವಾಗಿ ಸತ್ತರೆ ಊರಿನವರು ‘ಬಿಪಿ ಹೆಚ್ಚಾಗಿ ಹೋದ’ ಅನ್ನುತ್ತಾರೆ. ಆ ಸಾವನ್ನು ಆಪರೇಷನ್ ಮಾಡಿದ ಆಸ್ಪತ್ರೆಯ ಯಾವ ಲೆಕ್ಕದಲ್ಲಿ ಹುಡುಕಬೇಕು?

ಈಗ ಪಿಪಿಪಿಗೆ ಬರುತ್ತೇನೆ. ಅಲ್ಲಿ ಪ್ರಶ್ನೆ ಯಾವುದಕ್ಕೆ ದುಡ್ಡು ಸಿಗುತ್ತದೆ ಎನ್ನುವುದು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಘೋಷಿಸಿತು: ಒಂದೂವರೆ ಲಕ್ಷ ರೂಪಾಯಿವರೆಗೆ, ಗರಿಷ್ಠ 7 ದಿನ. ಒಳ್ಳೆಯದೇ. ದ್ರಾಕ್ಷಿ ಶೆಡ್ಡಿನಿಂದ ಬಿದ್ದವನಿಗೆ ಅದು ಅನ್ವಯಿಸುವುದಿಲ್ಲ, ಇರಲಿ. ಅನ್ವಯಿಸಿದವನಿಗೂ ಎಂಟನೆಯ ದಿನ ಏನು? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಆಪರೇಷನ್ನಿಗೆ ಪ್ಯಾಕೇಜು ಕೊಡುತ್ತದೆ. ಸ್ಕ್ರೂ ಹಾಕಿದರೆ ಬಿಲ್ಲು. ಮೂರು ತಿಂಗಳು ಒಬ್ಬನನ್ನು ಹಾಸಿಗೆಯಲ್ಲಿಟ್ಟು ಹೊರಳುವುದು, ಕೂರುವುದು, ಗಾಲಿಕುರ್ಚಿಗೆ ಜರುಗುವುದು, ನಳಿಕೆ ಹಾಕಿಕೊಳ್ಳುವುದು ಕಲಿಸಿದರೆ ಎಷ್ಟು ಬಿಲ್ಲಾದೀತು? ಹಾಸಿಗೆಯೊಂದು ದಿನಕ್ಕೆ ಎಷ್ಟು ದುಡಿಯಿತು ಎಂದು ನೋಡುವ ಯಾವ ಪಾಲುದಾರನೂ ಇಂಥ ರೋಗಿಯನ್ನು ಇಟ್ಟುಕೊಳ್ಳುವುದಿಲ್ಲ. ಅವನು ಕೆಟ್ಟವನೆಂದಲ್ಲ, ಒಪ್ಪಂದವೇ ಅವನನ್ನು ಹಾಗೆ ನಡೆಸುತ್ತದೆ.

‘ಸರ್ಕಾರಿ ಆಸ್ಪತ್ರೆಯ ಹಣೆಬರಹ ನಮಗೆ ಗೊತ್ತಿಲ್ಲವೇ?’ ಎಂದು ಕೇಳುವವರಿದ್ದಾರೆ. ಗೊತ್ತಿದೆ. ಹುದ್ದೆ ಖಾಲಿ, ಮಷೀನಿಗೆ ಬೀಗ, ರಾತ್ರಿ ಡ್ಯೂಟಿಗೆ ಹೌಸ್‌ ಸರ್ಜನ್ನು. ಬರೀ ‘ಸರ್ಕಾರಿ’ ಎಂಬ ಫಲಕ ಹಾಕಿಸಿಕೊಂಡು ಧರಣಿಯವರು ಮನೆಗೆ ಹೋದರೆ ಟೀಕಾಕಾರರೇ ಗೆದ್ದಂತೆ. ಫಲಕದ ಕೆಳಗೆ ಏನು ಬೇಕು ಎಂಬುದನ್ನು ಈಗಲೇ ಬರೆಯಿಸಿಕೊಳ್ಳಬೇಕು. ಬೆನ್ನುಹುರಿ ಪೆಟ್ಟಿನವರಿಗೆಂದೇ ಪ್ರತ್ಯೇಕ ವಾರ್ಡು. ರಾತ್ರಿಯೂ ನಡೆಯುವ ಎಂಆರ್‌ಐ. ಪುನರ್ವಸತಿ ವೈದ್ಯರ ಹುದ್ದೆ, ಮತ್ತು ಅದರಲ್ಲಿ ಮನುಷ್ಯರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 38ನೇ ಕಲಮು ಹೆಚ್ಚಿನ ಆಸರೆ ಬೇಕಾದವರು ಅದನ್ನು ಕೇಳಿ ಪಡೆಯಲು ದಾರಿ ಮಾಡಿಕೊಟ್ಟಿದೆ. ಅರ್ಜಿ ಹಾಕಲು ಅವರನ್ನು ಹೊತ್ತು ತರಬೇಕಾದ ಸ್ಥಿತಿ ಇರಬಾರದು.

ಎಲ್ಲಕ್ಕಿಂತ ಮುಂಚೆ ಒಂದು ರಿಜಿಸ್ಟರು. ಸರ್ಕಾರಿಯಿರಲಿ ಖಾಸಗಿಯಿರಲಿ, ಜಿಲ್ಲೆಯಲ್ಲಿ ಬೆನ್ನುಹುರಿ ಪೆಟ್ಟಿಗೆ ಚಿಕಿತ್ಸೆ ಕೊಟ್ಟ ಪ್ರತಿ ಆಸ್ಪತ್ರೆಯೂ ಬಿದ್ದ ಗಳಿಗೆ, ಆಪರೇಷನ್ ಆದ ಗಳಿಗೆ, ಬಿಡುಗಡೆಯ ದಿನದ ದರ್ಜೆ ಬರೆಯಲಿ. ವರ್ಷ ತುಂಬಿದ ದಿನ ಆ ಮನುಷ್ಯ ಬದುಕಿದ್ದಾನೆಯೇ, ಹುಣ್ಣಿದೆಯೇ, ಕೂರುತ್ತಾನೆಯೇ, ದುಡಿಯುತ್ತಾನೆಯೇ ಎಂದು ಯಾರಾದರೂ ಮನೆಗೇ ಹೋಗಿ ನೋಡಿ ತುಂಬಲಿ. 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ಬಿಪಿ, ಸಕ್ಕರೆ ನೋಡುವ ಏರ್ಪಾಡು ಇದೆಯಲ್ಲ, ಅದೇ ನಮೂನೆಯಲ್ಲಿ ನಾಲ್ಕು ಕಾಲಂ ಹೆಚ್ಚು. ಆಶಾ ಕಾರ್ಯಕರ್ತೆಯರ ಹೊರೆ ಹೆಚ್ಚುತ್ತದೆ ಎಂದರೆ ಅದಕ್ಕೆ ಹಣ ಕೊಡಿ. ವರ್ಷಕ್ಕೊಮ್ಮೆ ಆಸ್ಪತ್ರೆವಾರು ಆ ಅಂಕಿಗಳನ್ನು, ರೋಗಿಯ ಹೆಸರಿಲ್ಲದೆ, ಜಿಲ್ಲಾ ಪಂಚಾಯಿತಿ ಪ್ರಕಟಿಸಲಿ. ಆಗ ತೀರ್ಮಾನ ಮಾಡೋಣ ಯಾರ ಆಪರೇಷನ್ ಚಲೋ ಆಗಿದೆಯೆಂದು, ಸರ್ಕಾರದ್ದೋ ಪಾಲುದಾರನದೋ. ಇದಕ್ಕೆ ಒಪ್ಪುವುದಿಲ್ಲವೆನ್ನುವ ಆಸ್ಪತ್ರೆಗೆ ಸಾರ್ವಜನಿಕ ಜಮೀನು, ಸಾರ್ವಜನಿಕ ಕಾರ್ಡಿನ ದುಡ್ಡು ಎರಡೂ ನಿಲ್ಲಬೇಕು.