ಕಾರಿನ ಪಾಲಿಶ್ ಒಣಗುವವರೆಗೆ ಉಜ್ಜಿದರೆ ಹೊಳಪು ಹೆಚ್ಚುತ್ತದೆಯೇ?

ಭಾನುವಾರ ಬೆಳಗ್ಗೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಹರಿದಾಡುವ ವಿಡಿಯೋಗಳಲ್ಲಿ ಈ ಬಗೆಯದ್ದನ್ನು ನೀವೂ ನೋಡಿರುತ್ತೀರಿ. ಕಾರಿನ ಬಾಗಿಲ ಮೇಲೆ ಒಂದು ಗೀರು. ಅದರ ಮೇಲೆ ಟೂತ್‌ಪೇಸ್ಟ್ ಅಥವಾ ಅಂಗಡಿಯ ರಬ್ಬಿಂಗ್ ಕಾಂಪೌಂಡ್ ಹಚ್ಚಿ, ನಡು ಬಿಸಿಲಲ್ಲಿ ನಿಂತು, ಅದು ಒಣಗಿ ಬಿಳಿ ಪುಡಿಯಾಗುವವರೆಗೆ ಗಸಗಸ ಉಜ್ಜುತ್ತಾರೆ. ಬಟ್ಟೆಯಿಂದ ಒರೆಸಿದರೆ ಗೀರು ಮಾಯ! ಕೆಳಗೆ, ‘ಸಾವಿರಾರು ರೂಪಾಯಿ ಉಳಿಸಿ, ಎಲ್ಲರಿಗೂ ಕಳುಹಿಸಿ’ ಎಂಬ ಸಾಲು.

ಇದರಲ್ಲಿ ಅರ್ಧ ಸತ್ಯವಿದೆ. ಸಣ್ಣ ಗೀರುಗಳು ಪಾಲಿಶ್‌ನಿಂದ ಹೋಗುತ್ತವೆ ಎಂಬುದು ನಿಜ. ಆದರೆ ‘ಒಣಗುವವರೆಗೆ ಉಜ್ಜಿ’ ಎಂಬ ಸಲಹೆ ತಪ್ಪು. ಅದನ್ನು ನಂಬಿದರೆ ಹಾಳಾಗುವುದು ಮತ್ತೆ ಬೆಳೆಯದ ಒಂದು ಪದರ.

ಗೀರು ಹೋಗುವುದು ಎಂದರೇನು?

ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರವೊಂದು ಇರುತ್ತದೆ. ಇದೇ ಕ್ಲಿಯರ್ ಕೋಟ್. ಹೊಳಪು ಕಾಣುವುದು ಇದರಿಂದ, ಒಳಗಿನ ಬಣ್ಣವನ್ನು ಬಿಸಿಲಿನ ನೇರಳಾತೀತ ಕಿರಣಗಳಿಂದ ಕಾಪಾಡುವುದೂ ಇದೇ. ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು.

ಕಾಂಪೌಂಡ್ ಆಗಲಿ ಪಾಲಿಶ್ ಆಗಲಿ ಗೀರನ್ನು ‘ತುಂಬುವ’ ಔಷಧವಲ್ಲ. ಅದರಲ್ಲಿ ಅತಿ ಸೂಕ್ಷ್ಮವಾದ ಗಟ್ಟಿ ಕಣಗಳಿರುತ್ತವೆ. ಅವು ಗೀರಿನ ಸುತ್ತಲಿನ ಕ್ಲಿಯರ್ ಕೋಟ್ ಅನ್ನು ಸವೆಸಿ ಗೀರಿನ ತಳದ ಮಟ್ಟಕ್ಕೆ ಇಳಿಸುತ್ತವೆ. ಹಳ್ಳ ಮುಚ್ಚಲು ಸುತ್ತಲಿನ ರಸ್ತೆಯನ್ನೇ ಕೆರೆದ ಹಾಗೆ. ಒಂದು ಬಾರಿಗೆ ಹೋಗುವುದು ಕೆಲವೇ ಮೈಕ್ರಾನ್ ಇರಬಹುದು, ಆದರೆ ಕಾರಿನ ಆಯುಷ್ಯದಲ್ಲಿ ಎಷ್ಟು ಬಾರಿ ಹೀಗೆ ಮಾಡಬಹುದು ಎಂಬುದಕ್ಕೆ ಮಿತಿಯಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಾದರೆ ಪಾಲಿಶ್‌ನಿಂದ ತೆಗೆಯುವ ಆಸೆ ಬಿಡುವುದೇ ಒಳ್ಳೆಯದು.

ವರ್ಕಿಂಗ್ ಟೈಮ್ ಎಂಬ ಲೆಕ್ಕ

ಈ ಕಣಗಳ ಜೊತೆಗೆ ಬಾಟಲಿಯಲ್ಲಿ ನೀರು, ಎಣ್ಣೆ, ದ್ರಾವಕಗಳೂ ಇರುತ್ತವೆ. ಮನೆಯ ರುಬ್ಬುವ ಕಲ್ಲನ್ನು ನೆನಪಿಸಿಕೊಳ್ಳಿ. ಉದ್ದು ನುಣ್ಣಗಾಗಬೇಕಾದರೆ ಆಗಾಗ ನೀರು ಚಿಮುಕಿಸಬೇಕು. ನೀರು ಕಡಿಮೆಯಾದರೆ ಕಲ್ಲು ಬಿಗಿಯುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಕಾರಿನ ಮೇಲೂ ಹಾಗೆಯೇ. ಜಾರುವಿಕೆ ಇರುವವರೆಗೆ ಕಣಗಳು ಉರುಳುತ್ತಾ ಸಮನಾಗಿ ಸವೆಸುತ್ತವೆ. ತೇವ ಆರಿದ ಮೇಲೆ ಅವು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಹೊಸ ಗೀರುಗಳನ್ನು ಎಳೆಯುತ್ತವೆ. ಘರ್ಷಣೆಯ ಬಿಸಿಯೂ ಏರುತ್ತದೆ. ಪಾಲಿಶ್ ಹೀಗೆ ಜಾರುತ್ತಾ ಕೆಲಸ ಮಾಡುವ ಈ ಅವಧಿಗೇ ವರ್ಕಿಂಗ್ ಟೈಮ್ ಎನ್ನುವುದು.

ಹಾಗಾದರೆ ಬೇಗ ನಿಲ್ಲಿಸಿದರೆ ಸುರಕ್ಷಿತವೇ? ಅದೂ ಎಲ್ಲ ಸಂದರ್ಭದಲ್ಲಿ ಅಲ್ಲ. ಕೆಲವು ಪಾಲಿಶ್‌ಗಳ ಕಣಗಳು ಒತ್ತಡಕ್ಕೆ ಒಡೆಯುತ್ತಾ ಹೋಗುತ್ತವೆ. ಶುರುವಿನಲ್ಲಿ ಒರಟಾಗಿ ಗೀರು ತೆಗೆದು, ಕೊನೆಗೆ ನುಣುಪಾಗಿ ಹೊಳಪು ಕೊಡುತ್ತವೆ. ಇವನ್ನು ಮಧ್ಯದಲ್ಲೇ ಒರೆಸಿಬಿಟ್ಟರೆ ಮಬ್ಬು ಉಳಿಯುತ್ತದೆ. ಇನ್ನು ಕೆಲವುಗಳ ಕಣಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಗಾತ್ರದಲ್ಲಿರುತ್ತವೆ. ಇವುಗಳಲ್ಲಿ ಕಣ ಒಡೆಯಲಿ ಎಂದು ಕಾಯುವ ಅಗತ್ಯವಿಲ್ಲ, ಗೀರು ಹೋಯಿತೆಂದರೆ ಮುಗಿಯಿತು. ಅಂದರೆ ಮೊದಲನೆಯದರಲ್ಲಿ ‘ಇಷ್ಟು ಹೊತ್ತು ಉಜ್ಜಲೇಬೇಕು’ ಎಂಬ ಲೆಕ್ಕ, ಎರಡನೆಯದರಲ್ಲಿ ‘ಇಷ್ಟು ಹೊತ್ತು ಮಾತ್ರ ಉಜ್ಜಬಹುದು’ ಎಂಬ ಲೆಕ್ಕ. ಬಾಟಲಿಯ ಮೇಲಿನ ಸೂಚನೆ ಓದದೆ ಇದು ಗೊತ್ತಾಗುವುದಿಲ್ಲ. ಒಬ್ಬರ ವಿಡಿಯೋದ ಐದು ನಿಮಿಷ ಇನ್ನೊಬ್ಬರ ಬಾಟಲಿಗೆ ಹೊಂದದಿರುವುದಕ್ಕೆ ಇದೊಂದೇ ಕಾರಣ ಸಾಕು.

ಇನ್ನೊಂದು ಕಾರಣ ಹವೆ. ಮೇ ತಿಂಗಳ ಕಲಬುರಗಿಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿರುವಾಗ, ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ 60 ಡಿಗ್ರಿಗೂ ಮೀರಿ ಕಾಯಬಹುದು. ಕೈ ಇಡಲಾಗದ ಆ ತಗಡಿನ ಮೇಲೆ ಪಾಲಿಶ್ ಹರಡುವಷ್ಟರಲ್ಲೇ ಅದರ ನೀರಿನಂಶ ಹಾರಿಹೋಗುತ್ತದೆ. ಅದೇ ಬಾಟಲಿ ಮಳೆಗಾಲದ ಮಂಗಳೂರಿನ ಶೆಡ್ಡಿನಲ್ಲಿ ಬಹಳ ಹೊತ್ತು ಜಾರುತ್ತಲೇ ಇರುತ್ತದೆ. ಜೋರಾಗಿ ತಿರುಗುವ ಫ್ಯಾನು, ಒಣ ಪ್ಯಾಡ್, ಮೆಷಿನ್‌ನ ವೇಗ, ಒಂದೇ ಸಲಕ್ಕೆ ತುಂಬ ದೊಡ್ಡ ಜಾಗಕ್ಕೆ ಹಚ್ಚುವುದು, ಇವೆಲ್ಲವೂ ಅವಧಿಯನ್ನು ಕಡಿಮೆ ಮಾಡುತ್ತವೆ.

‘ಒಣಗಲಿ’ ಎಂಬ ಮಾತು ಎಲ್ಲಿಂದ ಬಂತು?

ನಮಗೆ ಕಾಣುವಂತೆ ಗೊಂದಲದ ಮೂಲ ವ್ಯಾಕ್ಸ್. ಕಾರಿನ ಮೇಣವನ್ನು ಹಚ್ಚಿ, ಮಬ್ಬಾಗಿ ಒಣಗಲು ಬಿಟ್ಟು, ನಂತರ ಒರೆಸುವುದು ಹಲವು ವ್ಯಾಕ್ಸ್‌ಗಳಿಗೆ ಸರಿಯಾದ ಕ್ರಮವೇ. ವ್ಯಾಕ್ಸ್ ಮೇಲೆ ಕೂರುವ ಲೇಪ, ಕಾಂಪೌಂಡ್ ಸವೆಸುವ ಸಾಧನ. ಹೊರಗಿನಿಂದ ನೋಡಿದರೆ ಎರಡೂ ಬಿಳಿ ಪೇಸ್ಟ್, ಎರಡಕ್ಕೂ ಒಂದೇ ಬಟ್ಟೆ! ಜೊತೆಗೆ ಹಳೆಯ ಅಂಬಾಸಿಡರ್, ಪದ್ಮಿನಿಗಳ ಕಾಲದ ಪೇಂಟ್‌ಗೆ ಕ್ಲಿಯರ್ ಕೋಟ್ ಇರುತ್ತಿರಲಿಲ್ಲ. ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು, ಹಾಗಾಗಿ ಎಷ್ಟು ಸವೆಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಇಂದು ಹೋಗುವುದು ಬಣ್ಣವಿಲ್ಲದ ಪದರವಾದ್ದರಿಂದ ಬಟ್ಟೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಟೂತ್‌ಪೇಸ್ಟ್‌ನಲ್ಲೂ ಸವೆಸುವ ಕಣಗಳಿವೆ, ಆದ್ದರಿಂದ ಮೇಲುಮೇಲಿನ ಗುರುತು ಮಸುಕಾಗುವುದು ಸುಳ್ಳಲ್ಲ. ಆದರೆ ಅದನ್ನು ತಯಾರಿಸಿರುವುದು ಹಲ್ಲಿನ ಎನಾಮಲ್‌ಗೆ, ಅದು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ವಿಡಿಯೋ ಮುಗಿಯುವುದು ಹೊಳಪಿನ ಕ್ಷಣದಲ್ಲಿ. ಮರುದಿನ ಎಳೆ ಬಿಸಿಲಲ್ಲಿ ಕಾಣುವ ಜೇಡರಬಲೆಯಂಥ ಗೆರೆಗಳನ್ನು ಯಾರೂ ಚಿತ್ರೀಕರಿಸುವುದಿಲ್ಲ.

ಹೊಳಪೇ ಮೋಸ ಮಾಡುವುದೂ ಉಂಟು. ಪಾಲಿಶ್‌ನ ಎಣ್ಣೆ ಗೀರಿನೊಳಗೆ ಕೂತು ಅದನ್ನು ತಾತ್ಕಾಲಿಕವಾಗಿ ಮರೆಮಾಚುತ್ತದೆ. ಎರಡು ವಾಶ್ ಆದ ಮೇಲೆ ಗೀರು ಮತ್ತೆ ಹಾಜರ್. ತೆಂಗಿನೆಣ್ಣೆ ಸವರುವ ‘ಟ್ರಿಕ್’ ಕೂಡ ಇಷ್ಟೇ, ಅದಕ್ಕೆ ಧೂಳು ಅಂಟುವುದು ಬೋನಸ್. ಗೀರು ನಿಜವಾಗಿ ಹೋಗಿದೆಯೇ ಎಂದು ತಿಳಿಯಲು ನುರಿತವರು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎಣ್ಣೆ ತೆಗೆದು ನೋಡುತ್ತಾರೆ. ಕಾರನ್ನು ಪಾಲಿಶ್‌ಗೆ ಕೊಟ್ಟಾಗ, ಹಣ ಕೊಡುವ ಮೊದಲು ಹೀಗೆ ಒರೆಸಿ ತೋರಿಸಿ ಎಂದು ಕೇಳುವುದು ತಪ್ಪೇನಲ್ಲ.

ಹಾಗಾದರೆ ಎಷ್ಟು ನಿಮಿಷ?

ಗಡಿಯಾರಕ್ಕಿಂತ ಕಣ್ಣು, ಕೈ ನಂಬಿ. ಕಾರು ತೊಳೆದು, ನೆರಳಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ಶುರು ಮಾಡಿ. ಸುಮಾರು ಎರಡು ಅಡಿ ಉದ್ದಗಲದ ಜಾಗಕ್ಕೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಸಾಕು. ಉಜ್ಜುತ್ತಿರುವಾಗ ಮೇಲ್ಮೈಯಲ್ಲಿ ತೆಳುವಾದ, ಒದ್ದೆಯಾದ ಪೊರೆ ಕಾಣುತ್ತಿರಬೇಕು. ಆ ಪೊರೆ ಚೂರುಚೂರಾಗಿ ಒಣಗತೊಡಗಿದರೆ, ಪ್ಯಾಡ್ ಹಿಡಿದೆಳೆದಂತಾದರೆ, ಪುಡಿ ಹಾರಿದರೆ ಅಥವಾ ತಗಡು ಬಿಸಿಯಾದರೆ ಅಲ್ಲಿಗೆ ನಿಲ್ಲಿಸಿ. ಮೆಷಿನ್‌ನಲ್ಲಿ ಈ ಹಂತ ಒಂದೆರಡು ನಿಮಿಷದಲ್ಲೇ ಬರಬಹುದು. ಬಾನೆಟ್, ಬಾಗಿಲುಗಳ ಅಂಚಿನಲ್ಲಿ ಇನ್ನೂ ಹಗುರವಾಗಿ ಕೈಯಾಡಿಸಿ, ಅಲ್ಲಿ ಪದರ ಬೇಗ ಸವೆಯುತ್ತದೆ. ಪ್ಲಾಸ್ಟಿಕ್ ಬಂಪರ್ ಲೋಹದಂತೆ ಬಿಸಿಯನ್ನು ಹರಡಿಬಿಡುವುದಿಲ್ಲ, ಹಾಗಾಗಿ ಅಲ್ಲಿ ಪೇಂಟ್ ಸುಡುವ ಅಪಾಯ ಹೆಚ್ಚು.

ಮೊದಲು ಒಂದು ಮೂಲೆಯಲ್ಲಿ, ಅತಿ ಮೃದುವಾದ ಪಾಲಿಶ್‌ನಿಂದಲೇ ಪ್ರಯತ್ನಿಸಿ. ಅದು ಸಾಲದಿದ್ದರೆ ಮಾತ್ರ ಕಾಂಪೌಂಡ್. ಅಕಸ್ಮಾತ್ ಒಣಗಿ ಹಿಡಿದುಕೊಂಡರೆ ಬಲ ಹಾಕಿ ಕೆರೆಯಬೇಡಿ. ಅದರ ಮೇಲೆಯೇ ಅದೇ ಪಾಲಿಶ್‌ನ ಇನ್ನೊಂದು ಹನಿ ಹಾಕಿ ಮೆತ್ತಗೆ ಆಡಿಸಿದರೆ ಒಣಗಿದ್ದು ಕರಗುತ್ತದೆ. ತಕ್ಷಣ ಮೈಕ್ರೋಫೈಬರ್ ಬಟ್ಟೆಯ ಸ್ವಚ್ಛ ಬದಿಯಿಂದ ಒರೆಸಿಬಿಡಿ.